ಮೆರುಗು ‘ಇತರೆ ಖರ್ಚು’ ಅಲ್ಲ

ಮರದ ಕೆತ್ತನೆ ವಸ್ತುಗಳ ತಯಾರಕರ ಲೆಕ್ಕಪತ್ರಗಳಲ್ಲಿ ಮರದ ಬೆಲೆ ಮತ್ತು ಕೆತ್ತನೆಯ ಕೂಲಿ ಪ್ರತ್ಯೇಕವಾಗಿ ನಮೂದಾಗುತ್ತವೆ. ಉಜ್ಜುವಿಕೆ, ಎಣ್ಣೆ, ಅರಗು, ವಾರ್ನಿಷ್‌ಗಳ ವೆಚ್ಚ ಮಾತ್ರ ಸಾಮಾನ್ಯವಾಗಿ ‘ಇತರೆ ಖರ್ಚು’ ಎಂಬ ಶೀರ್ಷಿಕೆಯಲ್ಲಿ ಸೇರಿಹೋಗುತ್ತದೆ. ಆದರೆ ಗ್ರಾಹಕನು ಮೊದಲು ನೋಡುವುದೂ ಮುಟ್ಟುವುದೂ ಮೇಲ್ಮೈಯನ್ನೇ. ವಾರಗಟ್ಟಲೆ ನಡೆದ ಕೆತ್ತನೆಯು ಕೊನೆಯ ಎರಡು ದಿನಗಳ ಅವಸರದಿಂದ ಬೆಲೆ ಕಳೆದುಕೊಳ್ಳುವುದುಂಟು.

ಉಜ್ಜುವಿಕೆಯೇ ಮೆರುಗಿನ ತಳಪಾಯ. 120, 180, 220 ಸಂಖ್ಯೆಯ ಉಪ್ಪುಕಾಗದಗಳನ್ನು ಕ್ರಮವಾಗಿ, ಮರದ ಎಳೆಯ ದಿಕ್ಕಿನಲ್ಲಿಯೇ ಬಳಸಬೇಕು. ನಡುವಿನ ಹಂತವನ್ನು ಬಿಟ್ಟರೆ ಉಳಿದ ಗೀರುಗಳು ಬಣ್ಣ ಹಚ್ಚಿದ ಬಳಿಕ ಎದ್ದು ಕಾಣುತ್ತವೆ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ನಾರುಗಳು ಮೇಲೇಳುತ್ತವೆ. ಒಣಗಿದ ನಂತರ ಅವನ್ನು ಹಗುರವಾಗಿ ಉಜ್ಜಿ ತೆಗೆಯಬಹುದು. ಸೂಕ್ಷ್ಮ ಕುಸುರಿಯಿರುವ ಕಡೆ ಅತಿಯಾಗಿ ಉಜ್ಜಿದರೆ ಉಳಿಯ ಅಂಚು ಮೊಂಡಾಗುತ್ತದೆ.

ಮುಂದಿನ ಆಯ್ಕೆ ಮರದ ಗುಣಕ್ಕೆ ತಕ್ಕಂತಿರಬೇಕು. ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಗೆ ಪರಿಮಳವೂ ಮೌಲ್ಯ ತರುತ್ತದೆ. ದಪ್ಪ ವಾರ್ನಿಷ್ ಆ ಪರಿಮಳವನ್ನು ಒಳಗೇ ಮುಚ್ಚಿಬಿಡುತ್ತದೆ. ನುಣುಪಾಗಿ ಉಜ್ಜಿ ಹೊಳಪು ತರುವುದೇ ಇಲ್ಲಿ ಯುಕ್ತ. ಉದುರುವ ಪುಡಿಗೂ ಬೆಲೆಯಿರುವುದರಿಂದ ಅದನ್ನು ತೂಕ ಮಾಡಿ ಉಪ ಉತ್ಪನ್ನವೆಂದು ದಾಖಲಿಸಬೇಕು. ಬೀಟೆ ಮರದ ಸಹಜ ತೈಲಾಂಶವು ಎಣ್ಣೆ ಆಧಾರಿತ ವಾರ್ನಿಷ್ ಒಣಗುವುದನ್ನು ತಡೆಯುತ್ತದೆ. ಮೊದಲು ಮೇಣ ತೆಗೆದ ಅರಗಿನ ತೆಳುಲೇಪ ಕೊಟ್ಟರೆ ಈ ತೊಂದರೆ ತಪ್ಪುತ್ತದೆ.

ಚನ್ನಪಟ್ಟಣದ ಆಟಿಕೆಗಳಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಶಾಖದಿಂದ ಬಣ್ಣ ಕೂರಿಸಲಾಗುತ್ತದೆ. ಉಬ್ಬುತಗ್ಗಿನ ಶಿಲ್ಪಕ್ಕೆ ಈ ವಿಧಾನ ಒಗ್ಗದು. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಹಚ್ಚಬೇಕಾಗುತ್ತದೆ. ಇದು ಬೇಗ ಒಣಗುವುದರಿಂದ ಒಂದೇ ದಿನ ಹಲವು ಲೇಪಗಳು ಸಾಧ್ಯ. ಹೊಸ ಲೇಪವು ಹಳೆಯದರೊಡನೆ ಬೆರೆಯುವುದರಿಂದ ದುರಸ್ತಿಯೂ ಸುಲಭ. ಆದರೆ ನೀರು ಮತ್ತು ಬಿಸಿಯನ್ನು ಅದು ತಾಳದು. ಪಾಲಿಯುರಿಥೇನ್ ಗಟ್ಟಿಯಾದರೂ ದಪ್ಪವಾಗಿ ಬಳಿದರೆ ಕುಸುರಿಯ ಸಂದುಗಳು ತುಂಬಿಹೋಗುತ್ತವೆ.

ಅಗಸೆ ಎಣ್ಣೆ ಮರದೊಳಗೆ ಇಳಿದು ಸಹಜ ಕಾಂತಿ ನೀಡುತ್ತದೆ. ಆದರೆ ಪ್ರತಿ ಲೇಪಕ್ಕೂ ಒಂದು ದಿನ ಅಥವಾ ಹೆಚ್ಚು ಕಾಯಬೇಕು. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆಯುವುದು ಅಪಾಯಕರ. ಎಣ್ಣೆ ಗಾಳಿಯೊಡನೆ ವರ್ತಿಸಿ ಶಾಖ ಹುಟ್ಟಿಸುವುದರಿಂದ ಅವು ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಬಲ್ಲವು. ಅವನ್ನು ಬಿಡಿಸಿ ಬಯಲಲ್ಲಿ ಒಣಹಾಕಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಯಲ್ಲಿಡಬೇಕು. ಒಂದು ರಾತ್ರಿಯ ಅಲಕ್ಷ್ಯಕ್ಕೆ ಇಡೀ ದಾಸ್ತಾನು ಬಲಿಯಾದೀತು.

ಒಣಗಲು ಬಿಟ್ಟ ಮಾಲಿನಲ್ಲಿ ದುಡಿಯುವ ಬಂಡವಾಳವೂ ನಿಂತಿರುತ್ತದೆ. ಆದ್ದರಿಂದ ದರ ಹೇಳುವಾಗ ಸಾಮಗ್ರಿ ಮತ್ತು ಕೂಲಿಯ ಜೊತೆಗೆ ಕಾಯುವ ದಿನಗಳನ್ನೂ ಎಣಿಸಬೇಕು. ತೆರಿಗೆಯ ದೃಷ್ಟಿಯಿಂದಲೂ ಪ್ರತ್ಯೇಕ ಲೆಕ್ಕ ಅಗತ್ಯ. ಮರದ ವಿಗ್ರಹಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ವಾರ್ನಿಷ್ ಮೇಲಿನ ದರ ಶೇ. 18. ಹೀಗೆ ಉಳಿಯುವ ಹೂಡುವಳಿ ತೆರಿಗೆಯ ಮರುಪಾವತಿಗೆ ಕಾಯ್ದೆಯ 54(3)ನೇ ಕಲಮಿನಲ್ಲಿ ಅವಕಾಶವಿದೆ. ಬಿಲ್ಲಿಲ್ಲದೆ ನಗದು ಕೊಟ್ಟು ತಂದ ಡಬ್ಬಿಗೆ ಆ ಅವಕಾಶವಿಲ್ಲ. ‘ಮೆರುಗು ವೆಚ್ಚ’ ಎಂಬ ಪ್ರತ್ಯೇಕ ಖಾತೆಯೊಂದನ್ನು ತೆರೆಯುವುದು ಇದಕ್ಕೆಲ್ಲ ಮೊದಲ ಹೆಜ್ಜೆ.