ಎಲ್ಲಕ್ಕೂ ಸಕ್ಕರೆಯೇ ಕಾರಣವೇ?



ನನ್ನ ದೊಡ್ಡಮ್ಮನ ಮಗಳ ಗಂಡ, ಅಂದರೆ ನನಗೆ ಭಾವನವರು, ನೌಕರಿಗೆಂದು ನಾಗಪುರಕ್ಕೆ ಬಂದು ಇಲ್ಲಿಯೇ ನೆಲೆಸಿದವರು. ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗಿ ನಾಲ್ಕು ವರ್ಷವಾಗಿತ್ತು. ರಾತ್ರಿ ನಾಲ್ಕೈದು ಸಲ ಎದ್ದು ಮೂತ್ರಕ್ಕೆ ಹೋಗುತ್ತಿದ್ದರು. "ಸಕ್ಕರೆ ಇದ್ದವರಿಗೆ ಇದೆಲ್ಲ ಇದ್ದದ್ದೇ" ಎಂದು ನಾವೆಲ್ಲ ಸುಮ್ಮನಿದ್ದೆವು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದಾಗಲೂ ಎಲ್ಲರ ಬಾಯಲ್ಲಿ ಒಂದೇ ಮಾತು: "ಸಕ್ಕರೆ ಕಿಡ್ನಿಗೆ ತಗಲಿತು."

ಸೋನೋಗ್ರಫಿ ಮಾಡಿಸಿದಾಗ ತಿಳಿದದ್ದೇ ಬೇರೆ. ಪ್ರೋಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರದ ದಾರಿ ಕಟ್ಟಿಕೊಂಡಿತ್ತು. ಒಳಗೇ ನಿಂತ ಮೂತ್ರದ ಒತ್ತಡಕ್ಕೆ ಎರಡೂ ಮೂತ್ರಪಿಂಡಗಳು ಉಬ್ಬಿದ್ದವು. ತಡೆ ನಿವಾರಿಸಿದ ಮೇಲೆ ಕ್ರಿಯಾಟಿನಿನ್ ಇಳಿಯಿತಾದರೂ ಪೂರ್ತಿ ಮೊದಲಿನಂತಾಗಲಿಲ್ಲ. ಮೂತ್ರ ಸಲೀಸಾಗಿ ಹೋಗುತ್ತಿಲ್ಲವೆಂದು ಅವರು ಅಕ್ಕನಿಗೆ ಕನ್ನಡದಲ್ಲಿ ಹೇಳಿದ್ದರು. ವೈದ್ಯರ ಮುಂದೆ, ಮರಾಠಿಯಲ್ಲಿ, ಜೊತೆಗೆ ಬಂದ ಮಗಳ ಎದುರಿಗೆ ಹೇಳಲು ಸಂಕೋಚಪಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ನಮ್ಮ ಮನೆಯಲ್ಲೇ ನಿಜವಾಯಿತು.

ಸಕ್ಕರೆ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ರಕ್ತದಲ್ಲಿ ಹೆಚ್ಚಿದ ಸಕ್ಕರೆ ಮೂತ್ರಪಿಂಡದ ಸೂಕ್ಷ್ಮ ಜರಡಿಗಳನ್ನು ಹಾಳುಮಾಡುತ್ತದೆ. ಮಧುಮೇಹದಿಂದ ಆ ಜರಡಿಗಳಲ್ಲಿ ಮೂಡುವ ಗಂಟುಗಳನ್ನು ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬ ವೈದ್ಯರು 1936ರಲ್ಲೇ ವರ್ಣಿಸಿದ್ದರು. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಇಷ್ಟು ಜನರಲ್ಲಿ ಎಷ್ಟೋ ಮಂದಿಗೆ ಬೇರೆ ಕಾರಣದಿಂದಲೂ ಮೂತ್ರಪಿಂಡದ ತೊಂದರೆ ಬರುವುದು ಸಹಜವಲ್ಲವೇ? ರಕ್ತದೊತ್ತಡ, ಕಲ್ಲು, ಮೂತ್ರದ ದಾರಿಯ ತಡೆ, ವಂಶದಲ್ಲಿ ಬಂದ ನೀರುಗುಳ್ಳೆಗಳು, ಜರಡಿಗಳ ಉರಿಯೂತ, ವರ್ಷಗಟ್ಟಲೆ ನುಂಗಿದ ನೋವಿನ ಗುಳಿಗೆ, ಸೀಸ ಬೆರೆತ ಭಸ್ಮ: ಪಟ್ಟಿ ಉದ್ದವಿದೆ. ನಮ್ಮ ವಿದರ್ಭದಲ್ಲೇ ಅಕೋಲಾ, ಬುಲಢಾಣಾ ಕಡೆಯ ಖಾರಪಾಣ್ ಪಟ್ಟಾದ ಜನ ಮೂತ್ರಪಿಂಡದ ಕಾಯಿಲೆಗೆ ಅಲ್ಲಿನ ಉಪ್ಪು ಬಾವಿನೀರನ್ನೇ ದೂರುತ್ತಾರೆ.

ಹಾಗಾದರೆ ವೈದ್ಯರು ಕಾರಣವನ್ನು ಹೇಗೆ ಪತ್ತೆಮಾಡುತ್ತಾರೆ?

ಮೊದಲು ಅವಧಿ. ಸಕ್ಕರೆಯಿಂದ ಆಗುವ ಹಾನಿಗೆ ಸಾಮಾನ್ಯವಾಗಿ ಹಲವು ವರ್ಷ ಬೇಕು. ಆದರೆ ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ಬಗೆಯ ಮಧುಮೇಹ ಗೊತ್ತಾಗುವ ಮೊದಲೇ ಎಷ್ಟೋ ಕಾಲ ಅಡಗಿರುತ್ತದೆ. ಆದ್ದರಿಂದ ಕಾಯಿಲೆ ಪತ್ತೆಯಾದ ದಿನದಿಂದಲೇ ಮೂತ್ರಪಿಂಡದ ಪರೀಕ್ಷೆ ಆರಂಭವಾಗಬೇಕು.

ಎರಡನೆಯದು ಮೂತ್ರದಲ್ಲಿ ಸೋರುವ ಆಲ್ಬುಮಿನ್. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಸರಿ. 300 ದಾಟಿದರೆ ಸೋರಿಕೆ ತೀವ್ರ. ಜ್ವರ, ಮೂತ್ರದ ಸೋಂಕು, ಮೈಮುರಿಯುವ ವ್ಯಾಯಾಮದಿಂದಲೂ ಇದು ಏರುವುದರಿಂದ 3ರಿಂದ 6 ತಿಂಗಳಲ್ಲಿ ಮೂರು ಸಲ ನೋಡಿ, ಎರಡರಲ್ಲಾದರೂ ಹೆಚ್ಚಿದ್ದರೆ ಮಾತ್ರ ನಿಶ್ಚಯಿಸುತ್ತಾರೆ. ಸಕ್ಕರೆಯ ಹಾನಿ ಮೆಲ್ಲಮೆಲ್ಲನೆ ಏರುತ್ತದೆ. ಕೆಲವೇ ವಾರಗಳಲ್ಲಿ ಸೋರಿಕೆ ಅಥವಾ ಕ್ರಿಯಾಟಿನಿನ್ ಜಿಗಿದರೆ, ಮೂತ್ರದಲ್ಲಿ ರಕ್ತಕಣಗಳು ಕಂಡರೆ, ವೈದ್ಯರು ಬೇರೆ ಕಾರಣ ಹುಡುಕುತ್ತಾರೆ.

ಮೂರನೆಯದು ಕಣ್ಣು. ಸಕ್ಕರೆ ಕಣ್ಣಿನ ಅಕ್ಷಿಪಟಲದ ಸಣ್ಣ ರಕ್ತನಾಳಗಳನ್ನೂ ಕೆಡಿಸುತ್ತದೆ. ಅಲ್ಲಿ ಹಾನಿಯಿದ್ದರೆ ಮೂತ್ರಪಿಂಡದ ಹಾನಿಯೂ ಸಕ್ಕರೆಯದೇ ಆಗಿರುವ ಸಂಭವ ಹೆಚ್ಚು. ಕಣ್ಣು ಶುಭ್ರವಾಗಿದ್ದರೆ ಸಂಶಯ ಮೂಡುತ್ತದೆಯೇ ಹೊರತು ಅದೊಂದರಿಂದಲೇ ತೀರ್ಮಾನ ಆಗುವುದಿಲ್ಲ.

ನಾಲ್ಕನೆಯದು ಸೋನೋಗ್ರಫಿ. ಕಲ್ಲು, ತಡೆ, ನೀರುಗುಳ್ಳೆ, ಒಂದು ಮೂತ್ರಪಿಂಡ ಸಣ್ಣದಾಗಿರುವುದು ಇದರಲ್ಲಿ ಕಾಣುತ್ತದೆ.

ಇಷ್ಟಾದರೂ ಬಗೆಹರಿಯದಿದ್ದರೆ ಬಯಾಪ್ಸಿ. ಸೂಜಿಯಿಂದ ಮೂತ್ರಪಿಂಡದ ಎಳೆಯಷ್ಟು ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರಕ್ತಸ್ರಾವದ ಭಯ ಸ್ವಲ್ಪ ಇರುವುದರಿಂದ ಎಲ್ಲರಿಗೂ ಮಾಡುವುದಿಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಮಧುಮೇಹಿಗಳ 620 ಬಯಾಪ್ಸಿಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ಮಾಡಿದರು. ಶೇಕಡಾ 37ರಲ್ಲಿ ಸಕ್ಕರೆಯ ಹಾನಿ ಮಾತ್ರ, 36ರಲ್ಲಿ ಬೇರೆ ಕಾಯಿಲೆ ಮಾತ್ರ, 27ರಲ್ಲಿ ಎರಡೂ! ಇವರೆಲ್ಲ ಮೊದಲೇ ಬಯಾಪ್ಸಿಗೆ ಆಯ್ಕೆಯಾದವರು, ಎಲ್ಲ ಮಧುಮೇಹಿಗಳಿಗೂ ಈ ಲೆಕ್ಕ ಅನ್ವಯಿಸದು. ಆದರೂ ಯೋಚಿಸುವಂಥ ಮಾತು.

ಕಾರಣ ತಿಳಿದು ಏನು ಪ್ರಯೋಜನ ಎನ್ನುತ್ತೀರಾ? ಕಾರಣ ಬೇರೆಯಾದರೆ ಚಿಕಿತ್ಸೆಯೇ ಬೇರೆ. ತಡೆಯಿದ್ದರೆ ತೆಗೆಯಬೇಕು, ನೋವಿನ ಗುಳಿಗೆಯಾದರೆ ನಿಲ್ಲಿಸಬೇಕು. ಕೆಲವು ಉರಿಯೂತಗಳಿಗೆ ಸ್ಟೀರಾಯ್ಡ್ ಬೇಕು. ಅದು ಸಕ್ಕರೆಯನ್ನು ಏರಿಸುವುದರಿಂದ ಖಚಿತವಾಗದೆ ಕೊಡುವಂತಿಲ್ಲ. ಕಾರಣ ಸಕ್ಕರೆಯೇ ಆಗಿದ್ದರೂ ಎದೆಗುಂದಬೇಕಾಗಿಲ್ಲ. ರಕ್ತದೊತ್ತಡದ ಕೆಲವು ಔಷಧಿಗಳ ಜೊತೆಗೆ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಹೊಸ ಗುಳಿಗೆಗಳೂ ಹಾನಿಯ ವೇಗವನ್ನು ತಗ್ಗಿಸುತ್ತವೆಂದು 2019 ಮತ್ತು 2020ರ ದೊಡ್ಡ ಪ್ರಯೋಗಗಳು ತೋರಿಸಿವೆ.

ಈಗ ನಿಮ್ಮ ಪಾಲಿನ ಕೆಲಸ. ಇಲ್ಲಿ ಹುಟ್ಟಿ ಬೆಳೆದ ನಿಮಗೆ ಮರಾಠಿ, ಹಿಂದಿ, ಇಂಗ್ಲಿಷ್ ಸಲೀಸು. ಅಪ್ಪ ಅಮ್ಮನಿಗೆ ನೋವು ಹೇಳಿಕೊಳ್ಳಲು ಬರುವುದು ಕನ್ನಡದಲ್ಲಿ. ಒಂದು ನೋಟುಪುಸ್ತಕ ಇಡಿ. ಸಕ್ಕರೆ ಯಾವ ವರ್ಷ ಗೊತ್ತಾಯಿತು, ಹಳೆಯ ಕ್ರಿಯಾಟಿನಿನ್ ಎಷ್ಟು, ಕಣ್ಣಿನ ಪರೀಕ್ಷೆ ಯಾವಾಗ ಆಯಿತು, ಮಂಡಿನೋವಿಗೆ ಯಾವ ಗುಳಿಗೆ, ಯಾರು ಕೊಟ್ಟ ಚೂರ್ಣ, ಎಲ್ಲ ಬರೆಯಿರಿ. ಮೂತ್ರ ನೊರೆಯಾಗುತ್ತಿದೆಯೇ, ಕೆಂಪಾಗಿದೆಯೇ, ತಿಣುಕಬೇಕಾಗುತ್ತಿದೆಯೇ ಎಂದು ಮನೆಯಲ್ಲೇ ಸಮಾಧಾನವಾಗಿ ಕೇಳಿ. ಮಗಳ ಮುಂದೆ ಅಪ್ಪನಿಗೆ ಸಂಕೋಚವಾದರೆ ಮಗನೋ ಅಳಿಯನೋ ಕೇಳಲಿ. ಆಮೇಲೆ ವೈದ್ಯರನ್ನು ವಿನಯದಿಂದ ಒಂದು ಪ್ರಶ್ನೆ ಕೇಳಿ: "ಇದು ಸಕ್ಕರೆಯಿಂದಲೇ ಆದದ್ದೋ, ಬೇರೆ ಕಾರಣವೂ ಇರಬಹುದೋ?"

ಆ ಪ್ರಶ್ನೆಯನ್ನು ಭಾವನವರಿಗಾಗಿ ನಾವು ಯಾರೂ ಸಕಾಲದಲ್ಲಿ ಕೇಳಲಿಲ್ಲ. ನೀವು ಕೇಳಿ.