ಶಾಸನಕ್ಕೆ ಯಾವ ಕ್ಯಾಮರಾ?

ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ಒಪ್ಪಂದ ಮಾಡಿಸಿದ ಬುಕ್ಕರಾಯನ 1368ರ ಶಾಸನವಿದೆ. ಇಂಥ ಕಲ್ಬರಹದ ಚಿತ್ರ ತೆಗೆಯಲು ಹಳೆಯ ಡಿಎಸ್‌ಎಲ್‌ಆರ್ ಒಳ್ಳೆಯದೋ, ಜೇಬಿಗಿಳಿಯುವ ಪುಟ್ಟ ಡಿಜಿಟಲ್ ಕ್ಯಾಮರಾವೋ?

ಮೆಗಾಪಿಕ್ಸೆಲ್ ಎಣಿಸಿ ಮರುಳಾಗಬೇಡಿ. 2006ರ ನಿಕಾನ್ ಡಿ40ರಲ್ಲಿರುವುದು 6 ಮೆಗಾಪಿಕ್ಸೆಲ್ ಮಾತ್ರ. ಆದರೆ ಬೆಳಕು ಗ್ರಹಿಸುವ ಅದರ ಸೆನ್ಸರ್ 23.7×15.6 ಮಿ.ಮೀ.; ಪುಟ್ಟ ಕ್ಯಾಮರಾಗಳಲ್ಲಿ ಸಾಮಾನ್ಯವಾಗಿ 6.2×4.6 ಮಿ.ಮೀ. ವಿಸ್ತೀರ್ಣದಲ್ಲಿ ಸುಮಾರು 13 ಪಟ್ಟು ಅಂತರ! ದೊಡ್ಡದರಲ್ಲಿ ಮಂದ ಬೆಳಕಿನ ಚಿತ್ರವೂ ಕಾಳುಕಾಳಾಗುವುದು ಕಡಿಮೆ.

ಸವೆದ ಅಕ್ಷರ ಕಾಣುವುದು ನೆರಳಿನಿಂದ. ಪುಟ್ಟ ಕ್ಯಾಮರಾದ ಫ್ಲ್ಯಾಷ್ ನೇರವಾಗಿ ಬಿದ್ದು ನೆರಳನ್ನೇ ಅಳಿಸುತ್ತದೆ. ಡಿಎಸ್‌ಎಲ್‌ಆರ್‌ಗೆ ತಂತಿಯಿಂದ ಬೇರೆ ಫ್ಲ್ಯಾಷ್ ಜೋಡಿಸಿ ಪಕ್ಕದಿಂದ ಬೆಳಕು ಹಾಯಿಸಬಹುದು.

ಊರೂರು ಸುತ್ತಿ ಶಾಸನ ಹುಡುಕುವಾಗ ಜೇಬಿನದೇ ಸಾಕು: ಫ್ಲ್ಯಾಷ್ ಆರಿಸಿ, ಓರೆ ಬಿಸಿಲಿನ ಹೊತ್ತಿಗೆ ತೆಗೆಯಿರಿ. ಓದಿ ಕಾಪಿಡಬೇಕಾದ ಚಿತ್ರಕ್ಕೆ ಹಳೆಯ ಡಿಎಸ್‌ಎಲ್‌ಆರೇ ಸರಿ.