ಇಳಿಜಾರಿನ ಕೃಷಿ ಹೊಂಡ: ನೀರಿನ ಪ್ರಮಾಣ ಲೆಕ್ಕ ಹಾಕುವ ಕ್ರಮ
ಕಡೂರು, ಅಜ್ಜಂಪುರ ಹಾಗೂ ತರೀಕೆರೆ ತಾಲ್ಲೂಕುಗಳ ಬಯಲು ಭಾಗದಲ್ಲಿ ಮಳೆ ಕೈಕೊಟ್ಟಾಗ ಬೆಳೆಗೆ ಒಂದೆರಡು ಬಾರಿ ನೀರುಣಿಸಲು ಕೃಷಿ ಹೊಂಡವೇ ಆಧಾರ. ಹೊಂಡದ ನೀರನ್ನು ಹಲವರು ಉದ್ದ, ಅಗಲ, ಆಳಗಳನ್ನು ಗುಣಿಸಿ ಹೇಳಿಬಿಡುತ್ತಾರೆ. ಗೋಡೆ ನೇರವಾಗಿರುವ ತೊಟ್ಟಿಗೆ ಈ ಲೆಕ್ಕ ಸರಿ, ಹೊಂಡಕ್ಕೆ ಸಲ್ಲದು. ಪಕ್ಕಗಳು ಕುಸಿಯದಂತೆ, ಅದರಲ್ಲೂ ಕಪ್ಪು ಮಣ್ಣಿನಲ್ಲಿ, ಇಳಿಜಾರು ಕೊಡಲೇಬೇಕಾಗುತ್ತದೆ.

ಉದಾಹರಣೆಗೆ, ಕೋಡಿಯ ಮಟ್ಟದಲ್ಲಿ 21 ಮೀ. x 21 ಮೀ., ಅಲ್ಲಿಂದ ಆಳ 3 ಮೀ. ಇರುವ ಹೊಂಡವನ್ನು ತೆಗೆದುಕೊಳ್ಳಿ. ಪ್ರತಿ 1 ಮೀ. ಆಳಕ್ಕೆ ಪಕ್ಕವು 1.5 ಮೀ. ಒಳಸರಿದರೆ, 3 ಮೀ. ಆಳದಲ್ಲಿ ಒಂದೊಂದು ಬದಿಯಿಂದ 4.5 ಮೀ., ಎರಡೂ ಬದಿಯಿಂದ 9 ಮೀ. ಕಡಿಮೆಯಾಗಿ ತಳವು 12 ಮೀ. x 12 ಮೀ. ಉಳಿಯುತ್ತದೆ.

ಈಗ ಮೂರು ವಿಸ್ತೀರ್ಣ ಕಂಡುಕೊಳ್ಳಿ. ಮೇಲ್ಭಾಗ 441 ಚ.ಮೀ., ತಳ 144 ಚ.ಮೀ. ಅರ್ಧ ಆಳದಲ್ಲಿ ಬದಿಯ ಅಳತೆ 21 ಮತ್ತು 12ರ ಸರಾಸರಿ, ಅಂದರೆ 16.5 ಮೀ.; ವಿಸ್ತೀರ್ಣ 272.25 ಚ.ಮೀ. ಇಲ್ಲಿ ಎಚ್ಚರವಿರಲಿ: ಬದಿಗಳ ಸರಾಸರಿ ತೆಗೆಯಬೇಕೇ ಹೊರತು 441 ಮತ್ತು 144ರ ಸರಾಸರಿಯನ್ನಲ್ಲ. ಹೊಂಡ ಆಯತಾಕಾರವಾಗಿದ್ದರೆ ಉದ್ದ, ಅಗಲಗಳಿಗೆ ಪ್ರತ್ಯೇಕವಾಗಿ ಸರಾಸರಿ ತೆಗೆಯಿರಿ.

ನಡುವಿನ ವಿಸ್ತೀರ್ಣವನ್ನು 4ರಿಂದ ಗುಣಿಸಿದರೆ 1,089. ಇದಕ್ಕೆ ಮೇಲಿನ ಮತ್ತು ತಳದ ವಿಸ್ತೀರ್ಣ ಕೂಡಿಸಿದರೆ 1,674. ಇದನ್ನು ಆಳದಿಂದ ಗುಣಿಸಿ 6ರಿಂದ ಭಾಗಿಸಿದಾಗ 837 ಘನ ಮೀ. ಬರುತ್ತದೆ, 1 ಘನ ಮೀಟರಿಗೆ 1,000 ಲೀಟರಿನಂತೆ 8.37 ಲಕ್ಷ ಲೀಟರ್. ನೇರ ಗುಣಾಕಾರದಲ್ಲಿ ಬರುವುದು 1,323 ಘನ ಮೀ. ಅಗೆತದ ಕೂಲಿಯನ್ನು ಘನ ಮೀಟರ್ ಲೆಕ್ಕದಲ್ಲಿ ಕೊಡುವವರು ಹಾಗೆ ಗುಣಿಸಿದರೆ ತೆಗೆಯದ 486 ಘನ ಮೀ. ಮಣ್ಣಿಗೂ ಹಣ ತೆರಬೇಕಾಗುತ್ತದೆ.

ಬೆಳೆಯ ಲೆಕ್ಕವೂ ಹೀಗೆಯೇ. ಒಂದು ಎಕರೆ ಸುಮಾರು 4,047 ಚ.ಮೀ. ಅಷ್ಟು ಈರುಳ್ಳಿಗೆ 5 ಸೆಂ.ಮೀ. ನೀರು ನಿಲ್ಲಿಸಲು 202 ಘನ ಮೀ. ಬೇಕು. ತುಂಬಿದ ಹೊಂಡ ನಾಲ್ಕು ಎಕರೆಗೆ ಒಮ್ಮೆ ಸಾಕಾದೀತು, ಆರು ಎಕರೆಗಲ್ಲ. ಆವಿ ಮತ್ತು ಇಂಗುವಿಕೆಯ ನಷ್ಟ ಬೇರೆ: ದಿನಕ್ಕೆ 5 ಮಿ.ಮೀ. ಆವಿಯಾದರೂ ತುಂಬಿದ ಹೊಂಡದಿಂದ ಸುಮಾರು 2,200 ಲೀಟರ್ ಹೋಗುತ್ತದೆ. ಆದ್ದರಿಂದ ಬಿತ್ತನೆಯ ವಿಸ್ತೀರ್ಣವನ್ನು ನಾಲ್ಕು ಎಕರೆಗಿಂತ ಕಡಿಮೆಯೇ ಇಟ್ಟುಕೊಳ್ಳುವುದು ಕ್ಷೇಮ.

ಹಳೆಯ ಹೊಂಡವಾದರೆ ಆಳವನ್ನು ಹೂಳಿನ ಮೇಲಿನಿಂದ ಅಳೆಯಿರಿ. ಮೇಲಿನ ಹೊಂಡದಲ್ಲಿ ಅರ್ಧ ಮೀಟರ್ ಹೂಳು ತುಂಬಿದರೆ ತಳದ ಬದಿ 13.5 ಮೀ., ಆಳ 2.5 ಮೀ. ಆಗಿ, ನೀರು ಸುಮಾರು 756 ಘನ ಮೀಟರಿಗೆ ಇಳಿಯುತ್ತದೆ.